ಟಾಕ್ ಹೊಡೆದು ಬಿಡಿ

ಗೀರಬೇಕೋ, ತಟ್ಟಬೇಕೋ?

ಗೀರುವುದಾದರೆ ಬೆಂಕಿಕಡ್ಡಿ ಗೀರಿದ ಹಾಗೆ, ತಟ್ಟುವುದಾದರೆ ಬಾಗಿಲು ತಟ್ಟಿದ ಹಾಗೆ. ಎರಡೂ ಸರಿ ಎಂದು ಪುಸ್ತಕ ಹೇಳುತ್ತಿತ್ತು. ಎರಡೂ ಸರಿ ಎಂದು ಒಂಬತ್ತು ವರ್ಷಗಳಿಂದ ಶಿವಪ್ರಕಾಶನೇ ಬೋರ್ಡಿನ ಮೇಲೆ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಇದು ಎರಡು ಅಂಕಕ್ಕೆ ಗ್ಯಾರಂಟಿ ಎಂದು ಹುಡುಗರಿಗೆ ಆಶ್ವಾಸನೆ ಕೊಟ್ಟಿದ್ದ. ಆದರೆ ವೆಲ್ಡಿಂಗ್ ಕಡ್ಡಿ ಹಿಡಿದ ಕೈ ನಡುಗುತ್ತದೆ ಎಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮುಖವಾಡದ ಕಪ್ಪು ಗಾಜಿನೊಳಗಿಂದ ಏನೂ ಕಾಣುವುದಿಲ್ಲ ಎಂದೂ ಇರಲಿಲ್ಲ. ಕಾಣದ ಮೇಲೆ ಗೀರುವುದು ಎಲ್ಲಿ, ತಟ್ಟುವುದು ಯಾವುದನ್ನು? ಅಥವಾ ಸೊಂಟ ಹಿಡಿದುಕೊಂಡಿದೆ ಎಂದು ಹೇಳಿ ಒಳಗೆ ಹೋಗಿ ಮಲಗಿಬಿಟ್ಟರೆ?

“ಸರ್, ಮಂತ್ರ ಹೇಳ್ತಿದೀರಾ?” ಎಂದಿತು ಹೊರಗಿನ ಒಂದು ದನಿ.

ಮುಜಫ್ಫರ್ ಅವರ ದನಿ. ಹೆಸರಘಟ್ಟ ರಸ್ತೆಯ ತಮ್ಮ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲ ಕಂಬಿ ಮಾಡುತ್ತಿದ್ದವರು. ಬಾಗಲಗುಂಟೆಯ ಅರ್ಧದಷ್ಟು ಮನೆಗಳಿಗೆ ಕಳ್ಳರು ನುಗ್ಗದಿದ್ದದ್ದಕ್ಕೂ, ಉಳಿದರ್ಧ ಮನೆಗಳ ಮಕ್ಕಳು ಕಿಟಕಿಗೆ ತಲೆ ಸಿಕ್ಕಿಸಿಕೊಂಡು ಅತ್ತದ್ದಕ್ಕೂ ಅವರ ಗ್ರಿಲ್ಲೇ ಕಾರಣ.

“ಒಂದೇ ಸಲ ಗೀರಿ ಸರ್. ಹಾವಿನ ಬಾಲ ಮುಟ್ಟಿದಂಗೆ ಮುಟ್ಬೇಡಿ.”

ಶಿವಪ್ರಕಾಶ ಗೀರಿದ. ಕಡ್ಡಿ ಕಬ್ಬಿಣಕ್ಕೆ ಅಂಟಿಕೊಂಡಿತು. ಮೆಷಿನ್ನು ಗುಂಯ್ ಎಂದಿತು, ಪಾರ್ಕಿಂಗಿನ ಬಲ್ಬು ಮಂಕಾಯಿತು, ಮೇಲಿನ ಮಹಡಿಯಲ್ಲಿ ಮನೆ ಮಾಲೀಕ ವಿಜಯ್ ಕುಮಾರನ ಟಿವಿ ಒಂದು ವಾಕ್ಯದ ಮಧ್ಯದಲ್ಲಿ ಪ್ರಾಣ ಬಿಟ್ಟಿತು.

“ರೀ ಮೇಷ್ಟ್ರೇ!” ಬಾಲ್ಕನಿಯಿಂದ ಕೂಗು ಬಂತು. “ಏನ್ರೀ ಮಾಡ್ತಿದೀರ ಕೆಳಗೆ?”

“ಕಲೀತಿದಾರೆ ಸರ್,” ಎಂದರು ಮುಜಫ್ಫರ್.

“ಕಲಿಸೋರಲ್ವೇನ್ರೀ ಅವ್ರು?”

ಶಿವಪ್ರಕಾಶ ಅಂಟಿದ ಕಡ್ಡಿಯನ್ನು ಎಳೆದು ಕೀಳತೊಡಗಿದ.

ತೊಂದರೆ ಇದ್ದದ್ದೇ ಅಲ್ಲಿ. ಶಿವಪ್ರಕಾಶ ಕಲಿಸುವವನೇ. ಯಲಹಂಕದ ಆಚೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ವೆಲ್ಡಿಂಗ್ ಅಧ್ಯಾಯ ಅವನದೇ. ಬಾದಾಮಿ ಕಡೆಯವನಾದ್ದರಿಂದ ದನಿ ಗಟ್ಟಿ, ಅಕ್ಷರ ದುಂಡು. ಬಣ್ಣದ ಸೀಮೆಸುಣ್ಣದಲ್ಲಿ ಅವನು ಬೋರ್ಡಿನ ಮೇಲೆ ಹಾರಿಸುವ ಕಿಡಿಗಳು ನಿಜವಾದ ಕಿಡಿಗಳಿಗಿಂತ ಚೆಂದ. ವರ್ಕ್‌ಶಾಪಿಗೆ ಬೇರೆ ಇನ್‌ಸ್ಟ್ರಕ್ಟರ್ ಇದ್ದುದರಿಂದ ಅವನು ಕಡ್ಡಿ ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ. ಹುಡುಗರು ಅವನಿಗೆ ‘ಥಿಯರಿ’ ಎಂದು ಹೆಸರಿಟ್ಟಿದ್ದರು. “ಥಿಯರಿ ಬಂತು ಮಗಾ, ಫೋನ್ ಒಳಗಿಡು.” ಅದನ್ನು ಕಾರಿಡಾರಿನಲ್ಲಿ ಮೊದಲ ಸಲ ಕೇಳಿಸಿಕೊಂಡ ದಿನ ಅವನು ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ, ಹಾಜರಿ ಹಾಕಿ, ಪಾಠ ಮಾಡಿ ಬಂದ. ಬಸ್ಸಿನಲ್ಲಿ ಮನೆಗೆ ಬರುವಾಗ ಮಾತ್ರ ತನ್ನ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಮೂವತ್ತೇಳು ವರ್ಷಕ್ಕೆ ಈ ಕೈಗಳಿಂದ ಆದದ್ದು ಏನು ಎಂದು ಯಾರಾದರೂ ಕೇಳಿದ್ದರೆ, ತೋರಿಸಲು ಉತ್ತರಪತ್ರಿಕೆಗಳ ಮೇಲಿನ ಕೆಂಪು ಗೀಟುಗಳು ಬಿಟ್ಟು ಬೇರೇನೂ ಇರಲಿಲ್ಲ.

ಅದಾದ ಎರಡು ತಿಂಗಳಿಗೆ ಅವನು ಜಾಲಹಳ್ಳಿಯ ನಿವೃತ್ತ ವಾಯುಪಡೆಯವರೊಬ್ಬರಿಂದ ಹಳೆಯ ಜೀಪು ತಂದ. ಅವನ ಹೆಂಡತಿ ರಕ್ಷಾ, ಯಶವಂತಪುರದ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು, ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದಳು.

“ಕಾಲಿಡೋ ಜಾಗದಾಗ ನೆಲಾ ಕಾಣ್ತೈತಲ್ರಿ. ಇದಕ್ಕ ಜೀಪ್ ಅಂತಾರೋ, ಜರಡಿ ಅಂತಾರೋ?”

“ಅದನ್ನ ನಾನ ವೆಲ್ಡ್ ಮಾಡ್ತೀನಿ.”

“ನೀವು?” ಎಂದಳು. ಆಮೇಲೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜೀಪು ತಂದವರೆಲ್ಲ ಸೇರುವ ಜಾಗವೂ ಸಿಕ್ಕಿತು. ಯಲಹಂಕದಲ್ಲಿ ಟೈಲ್ಸ್ ವ್ಯಾಪಾರ ಮಾಡುವ ಸುನೀಲ್ ಎಂಬವನು ‘ಮಡ್ ಬಾಯ್ಸ್’ ಎಂದೊಂದು ಗುಂಪು ಕಟ್ಟಿದ್ದ. ಅದರಲ್ಲಿ ಅತ್ಯಂತ ಚಿಕ್ಕ ಬಾಯ್‌ಗೆ ನಲವತ್ತೊಂದಾಗಿದ್ದುದರಿಂದ ಮೂವತ್ತೇಳರ ಶಿವಪ್ರಕಾಶನನ್ನು ಮಗುವಿನಂತೆ ಬರಮಾಡಿಕೊಂಡರು. ತಿಂಗಳಿಗೊಮ್ಮೆ ಎಲ್ಲಾದರೂ ಕೆಸರು ಹುಡುಕಿ, ಅದರಲ್ಲಿ ಗಾಡಿ ಇಳಿಸಿ, ಸಿಕ್ಕಿಹಾಕಿಕೊಂಡು, ಒಬ್ಬರನ್ನೊಬ್ಬರು ಎಳೆದು ಹೊರತೆಗೆಯುವುದು ಅವರ ಕ್ರೀಡೆ. ಓಡಿಸುವುದು ಉಪ್ಪಿನಕಾಯಿ, ಸಿಕ್ಕಿಕೊಳ್ಳುವುದೇ ಊಟ. ಹಾಗಾಗಿ ಗುಂಪಿಗೆ ನಿಯಮ ಒಂದೇ ಇತ್ತು: ಮುಂದಿನ ಬಂಪರಿಗೆ ಗಟ್ಟಿಯಾದ ಎಳೆಯುವ ಕೊಂಡಿ ಇಲ್ಲದ ಗಾಡಿ ಬರಕೂಡದು. ಎಲ್ಲರೂ ಕೊಂಡಿಯನ್ನು ಕೊಂಡು ತಂದಿದ್ದರು. ಶಿವಪ್ರಕಾಶ ತಾನೇ ಮಾಡುತ್ತೇನೆಂದ.

ಮುಜಫ್ಫರ್ ಸಿಕ್ಕಿದ್ದು ಲೈಬಾಳಿಂದ. ಅವಳು ಅವರ ಮಗಳು. ಶಿವಪ್ರಕಾಶನ ಎರಡನೇ ವರ್ಷದ ತರಗತಿಯಲ್ಲಿ ಐವತ್ತೆಂಟು ಹುಡುಗರ ನಡುವೆ ಒಬ್ಬಳೇ ಹುಡುಗಿ. ಒಂದು ದಿನ ಸ್ಟಾಫ್ ರೂಮಿಗೆ ಡ್ರಾಯಿಂಗ್ ಶೀಟ್ ತೋರಿಸಲು ಬಂದಾಗ, ಮೇಜಿನ ಮೇಲಿದ್ದ ಬಂಪರಿನ ಸ್ಕೆಚ್ ನೋಡಿ, “ಸರ್, ಇದು ಯಾರಿಗೆ?” ಎಂದಳು. ಅವನು ಹೇಳಿದ. ಅವಳು ನಗಲೂ ಇಲ್ಲ, ಥಿಯರಿ ಎಂದೂ ಅನ್ನಲಿಲ್ಲ. “ನಮ್ಮಪ್ಪ ಕಲಿಸ್ತಾರೆ ಸರ್. ನಾನು ಯಾರ್ಗೂ ಹೇಳಲ್ಲ,” ಎಂದು ಶೀಟು ಸುತ್ತಿಕೊಂಡು ಹೋದಳು. ಹೇಳಲೂ ಇಲ್ಲ.

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ ಶಿವಪ್ರಕಾಶನ ಮನೆಯ ಪಾರ್ಕಿಂಗಿನಲ್ಲಿ ಪಾಠ. ಮುಜಫ್ಫರ್ ತಮ್ಮ ಹಳೇ ಮೆಷಿನ್ನು, ಗ್ರೈಂಡರ್ ಎರಡನ್ನೂ ಅಲ್ಲೇ ಬಿಟ್ಟಿದ್ದರು. ಎರಡನೇ ವಾರ ಶಿವಪ್ರಕಾಶ ಮುಖವಾಡ ಇಳಿಸುವ ಮೊದಲೇ ಕಡ್ಡಿ ಗೀರಿ, ಒಂದಲ್ಲ ಆರು ಸಲ, ಬರಿಗಣ್ಣಲ್ಲಿ ಸೂರ್ಯನ ದರ್ಶನ ಮಾಡಿಕೊಂಡ. ಸೋಮವಾರ ಬೆಳಿಗ್ಗೆ ಎದ್ದರೆ ಕಣ್ಣಿನೊಳಗೆ ಯಾರೋ ಒಂದು ಲೋಡು ಮರಳು ಸುರಿದಂತಿತ್ತು. ರಕ್ಷಾ ಮುಜಫ್ಫರರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

“ಏನೂ ಆಗಲ್ಲ ಮೇಡಂ. ನಮ್ ಲೈನಲ್ಲಿ ಎಲ್ರಿಗೂ ಆಗುತ್ತೆ. ಎದೆಹಾಲು ಎರಡು ಹನಿ ಬಿಟ್ರೆ ತಣ್ಣಗಾಗುತ್ತೆ ಅಂತಾರೆ. ಅಕ್ಕಪಕ್ಕ ಬಾಣಂತಿ ಯಾರಾದ್ರೂ ಇದಾರಾ?”

“ವಿಜಯ್ ಕುಮಾರ್ ಅವ್ರ ಸೊಸಿ ಅದಾಳ್ರಿ,” ಎಂದಳು ರಕ್ಷಾ. “ಹೋಗಿ ಏನಂತ ಕೇಳ್ಲಿ? ನಮ್ಮ ಮನಿಯವ್ರಿಗೆ ಅರ್ಧ ಗ್ಲಾಸ್ ಕೊಡ್ರಿ ಅಂತನಾ?”

“ನಕ್ಕೋ ನಕ್ಕೋ, ಬೇಡ ಮೇಡಂ. ಡಾಕ್ಟ್ರ ಹತ್ರ ಕರ್ಕೊಂಡೋಗಿ. ಅಲ್ಲಿವರ್ಗೂ ಆಲೂಗಡ್ಡೆ ಇಡಿ.”

ಡಾಕ್ಟರು ಹನಿ ಔಷಧ ಕೊಟ್ಟು ಬೈದು ಕಳಿಸಿದರು. ಮಧ್ಯಾಹ್ನದವರೆಗೆ ಕಣ್ಣ ಮೇಲೆ ಎರಡು ಬಿಲ್ಲೆ ಆಲೂಗಡ್ಡೆ ಇಟ್ಟುಕೊಂಡು ಮಲಗಿದ್ದ ಗಂಡನನ್ನು ರಕ್ಷಾ ಒಂದು ಫೋಟೋ ತೆಗೆದು ಬಾದಾಮಿಗೆ ಕಳಿಸಿದಳು. ಅತ್ತೆ ಕಾಶವ್ವ ಅದಕ್ಕೆ ಅಳುವ ಮುಖದ ಬದಲು ನಗುವ ಮುಖ ಒತ್ತಿಬಿಟ್ಟರು.

ಆದರೂ ಅವನು ಬಿಡಲಿಲ್ಲ. ಐದನೇ ವಾರಕ್ಕೆ ಕಡ್ಡಿ ಅಂಟುವುದು ನಿಂತಿತು. ಆರನೇ ವಾರಕ್ಕೆ, ಕಡ್ಡಿ ಸರಿಯಾದ ಎತ್ತರದಲ್ಲಿದ್ದರೆ ಅದರ ಸದ್ದು ಸಾಸಿವೆ ಸಿಡಿಯುವ ಒಗ್ಗರಣೆಯಂತೆ ಇರುತ್ತದೆ ಎಂದು ತಿಳಿಯಿತು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಎಂಟನೇ ವಾರ ಮುಜಫ್ಫರ್ ಅವನಿಗೆ ಟಾಕ್ ಹೊಡೆಯುವುದನ್ನು ಬಿಟ್ಟುಕೊಟ್ಟರು. ಎರಡು ತುಂಡು ಕಬ್ಬಿಣವನ್ನು ಸದ್ಯಕ್ಕೆ ಕದಲದಂತೆ ನಿಲ್ಲಿಸಲು ಅಲ್ಲೊಂದು ಇಲ್ಲೊಂದು ಹಾಕುವ ಚುಕ್ಕಿ ವೆಲ್ಡು ಅದು. ಆಮೇಲೆ ಪೂರ್ತಿ ಉದ್ದಕ್ಕೂ ತುಂಬಬೇಕು.

“ನಮ್ಮನೇಲಿ ಟಾಂಕಾ ಅಂತಾರೆ ಸರ್, ದರ್ಜಿ ಹಾಕೋ ಕಚ್ಚಾ ಹೊಲಿಗೆಗೆ. ಇದೂ ಅದೇ. ಟಾಂಕಾ ಹಾಕಿದ ಅಂಗಿ ತೊಟ್ಕೊಂಡು ಯಾರಾದ್ರೂ ಮದ್ವೆಗೆ ಹೋಗ್ತಾರಾ? ಕೈ ಎತ್ತಿದ್ರೆ ಕಂಕುಳು ಆಚೆ.”

ಶಿವಪ್ರಕಾಶನ ಟಾಕ್ ಚೆನ್ನಾಗಿ ಬರುತ್ತಿತ್ತು. ಉದ್ದದ ಗೆರೆ ಮಾತ್ರ ಬರುತ್ತಿರಲಿಲ್ಲ. ಮೂರಂಗುಲ ಹೋಗುವಷ್ಟರಲ್ಲಿ ಕೈ ಯೋಚನೆ ಮಾಡಲು ಶುರು ಮಾಡುತ್ತಿತ್ತು.

ಒಂಬತ್ತನೇ ವಾರ ಬಂಪರಿನ ತೊಲೆ ಸಿದ್ಧವಾಯಿತು. ಅದನ್ನು ಮುಜಫ್ಫರ್ ಮತ್ತು ಅವನು ಸೇರಿಯೇ ಮಾಡಿದರು. ಉಳಿದದ್ದು ಕೊಂಡಿ: ಹತ್ತು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ, ಅದರಲ್ಲೊಂದು ತೂತು. ಅದನ್ನು ತೊಲೆಗೆ ಕೂಡಿಸಬೇಕು. ಗುರುವಾರ ಸಂಜೆ ಮುಜಫ್ಫರ್ ಅಂಗಡಿಗೆ ಬೀಗ ಹಾಕುತ್ತ ಹೇಳಿದರು: “ನಾಳೆ ಕೋಲಾರಕ್ಕೆ ಹೋಗ್ತಿದೀನಿ ಸರ್, ತಂಗಿ ಮಗಳ ಮದ್ವೆ. ನೀವು ಆ ಕೊಂಡಿ ಇಟ್ಟು ನಾಲ್ಕು ಕಡೆ ಟಾಕ್ ಹೊಡೆದು ಬಿಡಿ. ಸೋಮವಾರ ಬರ್ತೀನಿ.”

ಕನ್ನಡದ ‘ಬಿಡಿ’ ಎರಡು ತಲೆಯ ಪದ. ‘ಹೊಡೆದು ಬಿಡಿ’ ಎಂದರೆ, ಹೊಡೆದು ಅಲ್ಲಿಗೇ ಬಿಡಿ, ಮುಂದೆ ಕೈ ಹಾಕಬೇಡಿ ಎಂದೂ ಆಗುತ್ತದೆ. ಹೊಡೆದು ಮುಗಿಸಿಬಿಡಿ, ಆಮೇಲೆ ಚಿಂತೆಯಿಲ್ಲ ಎಂದೂ ಆಗುತ್ತದೆ. ಮುಜಫ್ಫರ್ ಹೇಳಿದ್ದು ಮೊದಲನೆಯದನ್ನು. ಶಿವಪ್ರಕಾಶ ಕೇಳಿಸಿಕೊಂಡದ್ದೂ ಮೊದಲನೆಯದನ್ನೇ. ಎರಡನೆಯದು ಅವನಿಗೆ ಹೊಳೆದದ್ದು ಶನಿವಾರ, ಬೇಕಾದಾಗ.

ಏಕೆಂದರೆ ಶುಕ್ರವಾರ ಸುನೀಲನ ಸಂದೇಶ ಬಂತು. ಭಾನುವಾರ ಬೆಳಿಗ್ಗೆ ಏಳಕ್ಕೆ ರಾಜಾನುಕುಂಟೆಯ ಆಚೆ ತನ್ನ ಚಿಕ್ಕಪ್ಪನ ಹಳೇ ಕಲ್ಲುಕ್ವಾರಿ, ಮಳೆನೀರು ನಿಂತು ಕೆಸರು ಭರ್ಜರಿಯಾಗಿದೆ, ‘ಮೇಷ್ಟ್ರು ಈ ಸಲನಾದ್ರೂ ಗಾಡಿ ತರ್ತಾರಾ ಇಲ್ಲ ಪಿಪಿಟಿ ತೋರಿಸ್ತಾರಾ?’ ಕೆಳಗೆ ಹನ್ನೊಂದು ಜನ ನಗುವ ಮುಖ ಒತ್ತಿದ್ದರು.

ಶನಿವಾರ ಮಧ್ಯಾಹ್ನ ಅವನು ಕೊಂಡಿಗೆ ನಾಲ್ಕು ಟಾಕ್ ಹೊಡೆದ. ನಾಲ್ಕೂ ಚೆನ್ನಾಗಿ ಬಂದವು. ಅಲ್ಲಿಗೆ ನಿಲ್ಲಿಸಬೇಕಿತ್ತು. ಪೂರ್ತಿ ತುಂಬಲು ಹೋದ. ಮೊದಲ ಗೆರೆ ಪಾರಿವಾಳ ಹಿಕ್ಕೆ ಹಾಕಿದಂತೆ ಬಂತು. ಕರೆಂಟು ಜಾಸ್ತಿ ಮಾಡಿ ಎರಡನೆಯದು ಎಳೆದರೆ ತೊಲೆಯೇ ತೂತಾಯಿತು. ಗ್ರೈಂಡರ್ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆದ. ಕೊನೆಗೆ ಉಳಿದದ್ದು ಮೊದಲಿನ ನಾಲ್ಕು ಟಾಕ್, ಒಂದು ತೂತು, ಮತ್ತು ಅವನು.

ಆಗ ‘ಬಿಡಿ’ ತನ್ನ ಎರಡನೇ ತಲೆ ಎತ್ತಿತು. ಟಾಕ್ ಹೊಡೆದು ಬಿಡಿ ಎಂದರಲ್ಲವೇ? ಹೊಡೆದಾಯಿತು. ಬಿಟ್ಟಾಯಿತು.

ಅವನು ಹಾರ್ಡ್‌ವೇರ್ ಅಂಗಡಿಗೆ ನಡೆದುಕೊಂಡು ಹೋಗಿ, ಸೋರುವ ನಲ್ಲಿಗೆ ಹಚ್ಚುವ ಎರಡು ಬಣ್ಣದ ಪುಟ್ಟಿ ತಂದ. ಕಲಸಿ, ಶಾವಿಗೆಯಂತೆ ಹೊಸೆದು, ಕೊಂಡಿಯ ಸುತ್ತ ಇಟ್ಟ. ಅಡುಗೆಮನೆಯಿಂದ ಒಂದು ಟೀ ಚಮಚ ತಂದು, ಅದರ ತುದಿಯಿಂದ ಪುಟ್ಟಿಯ ಮೇಲೆ ಒಂದರ ಪಕ್ಕ ಒಂದು ಅರ್ಧಚಂದ್ರ ಒತ್ತುತ್ತ ಹೋದ. ಒಳ್ಳೆಯ ವೆಲ್ಡಿನ ಗೆರೆ ಮೀನಿನ ಹುರುಪೆಯಂತೆ ಇರುತ್ತದೆ ಎಂದು ಬೋರ್ಡಿನ ಮೇಲೆ ನೂರು ಸಲ ಬಿಡಿಸಿದ ಕೈ ಅದು. ಒಂದಿಷ್ಟೂ ನಡುಗಲಿಲ್ಲ. ಒಣಗಿದ ಮೇಲೆ ಕಪ್ಪು ಬಣ್ಣ ಹೊಡೆದು, ದೂರ ನಿಂತು ನೋಡಿದ. ಅಷ್ಟು ಸುಂದರವಾದ ವೆಲ್ಡನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಬರೀ ತೋರಿಸಲಿಕ್ಕೆ ತಾನೇ. ನಾಳೆ ಕೆಸರಿನ ಹತ್ತಿರ ಹೋಗದೆ ದಡದಲ್ಲಿದ್ದರಾಯಿತು, ಸೋಮವಾರ ಮುಜಫ್ಫರ್ ಬರುವುದರೊಳಗೆ ಕೆರೆದು ತೆಗೆದರಾಯಿತು ಎಂದುಕೊಂಡ.

“ಏನ್ರೀ ಇದು, ಚಮಚಾಕ್ಕ ಏನ್ ಮೆತ್ತೀರಿ?” ಎಂದಳು ರಕ್ಷಾ ಸಿಂಕಿನ ಹತ್ತಿರ.

“ಗ್ರೀಸು.”

“ಗ್ರೀಸ್ ಕಲ್ಲಾಗಿರ್ತೈತೇನ್ರಿ?” ಎಂದು ಅವಳು ಚಮಚವನ್ನು ಕಸದ ಬುಟ್ಟಿಗೆ ಎಸೆದಳು.

ಭಾನುವಾರ ಕ್ವಾರಿಯಲ್ಲಿ ಜೀಪು ನಿಲ್ಲಿಸುತ್ತಿದ್ದಂತೆ ಮಡ್ ಬಾಯ್ಸ್ ಮುತ್ತಿಕೊಂಡರು. ಸುನೀಲ್ ಮೊಣಕಾಲೂರಿ ಕೊಂಡಿಯ ಮೇಲೆ ಬೆರಳಾಡಿಸಿದ.

“ಲೇ, ನೋಡ್ರೋ ಇಲ್ಲಿ! ಏನ್ ವೆಲ್ಡ್ ಗುರು ಇದು! ಮೆಷಿನಲ್ಲಿ ಹೊಡ್ದಂಗೈತೆ. ಯಾರ್ ಮಾಡಿದ್ದು?”

ಇಲ್ಲಿ ಶಿವಪ್ರಕಾಶ ‘ನಾನು’ ಎನ್ನಬಹುದಿತ್ತು. ಅದಕ್ಕಾಗಿಯೇ ಒಂಬತ್ತು ಭಾನುವಾರ ಕಳೆದಿದ್ದವು, ಎರಡು ಬಿಲ್ಲೆ ಆಲೂಗಡ್ಡೆ ವ್ಯಯವಾಗಿದ್ದವು. ಆದರೆ ‘ನಾನು’ ಎಂದರೆ ಹೇಗೆ ಮಾಡಿದೆ, ಎಷ್ಟು ಕರೆಂಟು, ಯಾವ ಕಡ್ಡಿ ಎಂದು ಕೇಳುತ್ತಾರೆ. ಪುಟ್ಟಿಗೆ ಕರೆಂಟು ಎಷ್ಟು ಎಂದು ಅವನಿಗೆ ಗೊತ್ತಿರಲಿಲ್ಲ.

“ಮುಜಫ್ಫರ್ ಅಂತ. ಬಾಗಲಗುಂಟೆ ಹತ್ರ ಅಂಗಡಿ.”

“ನಂಬರ್ ಕಳ್ಸು ಮಗಾ! ನಮ್ದು ಹನ್ನೊಂದು ಗಾಡಿ ಇದಾವೆ. ಎಲ್ಲಾದಕ್ಕೂ ಬಂಪರ್, ಸೈಡ್ ಬಾರು, ಲ್ಯಾಡರು, ಪೂರ್ತಿ ಸೆಟ್ ಮಾಡಿಸ್ಬೇಕು. ಈ ಕೈ ಬಿಟ್ಟು ಬೇರೆ ಕೈ ಬೇಡ.”

ಶಿವಪ್ರಕಾಶ ನಂಬರು ಕಳಿಸಿದ. ಕಳಿಸುವಾಗ ಎದೆ ಸ್ವಲ್ಪ ಉಬ್ಬಿತು ಕೂಡ. ಮುಜಫ್ಫರ್ ಹೋದ ತಿಂಗಳು ಅಂಗಡಿಯ ಮುಂದೆ ಖಾಲಿ ಕೂತು, “ಈಗ ಅಪಾರ್ಟ್‌ಮೆಂಟಿಗೆ ಗ್ರಿಲ್ ರೆಡಿಮೇಡ್ ಬರುತ್ತೆ ಸರ್. ನನ್ ಕೈ ಕೆಲ್ಸ ಮರ್ತೋಗುತ್ತೆ,” ಎಂದಿದ್ದರು. ಹನ್ನೊಂದು ಗಾಡಿ ಎಂದರೆ ಒಂದು ವರ್ಷದ ಕೆಲಸ. ಒಂದು ಸುಳ್ಳಿನಿಂದ ಇಷ್ಟು ಒಳ್ಳೆಯದಾಗುವುದಾದರೆ ಅದಕ್ಕೆ ಸುಳ್ಳು ಎನ್ನುವುದೇ ತಪ್ಪೇನೋ ಎಂದುಕೊಂಡ.

ಹತ್ತೂವರೆಗೆ ಸುನೀಲನ ಗಾಡಿ ಹೊಂಡದಲ್ಲಿ ಹೊಟ್ಟೆಯವರೆಗೆ ಕೂತಿತು. ಉಳಿದ ಗಾಡಿಗಳು ಆಚೆ ದಂಡೆಯಲ್ಲಿದ್ದವು. ಈಚೆ ಇದ್ದದ್ದು ಶಿವಪ್ರಕಾಶನ ಜೀಪೊಂದೇ.

“ಮೇಷ್ಟ್ರೇ, ಬನ್ನಿ! ನಿಮ್ ಹೊಸ ಕೊಂಡಿಗೆ ಇವತ್ತೇ ಪೂಜೆ!”

“ಬೇರೆ ಗಾಡಿ ತರ್ಸಿ ಸುನೀಲ್. ನಂದು ಕ್ಲಚ್ ಸರಿಯಿಲ್ಲ.”

“ಈಗ ಸರಿಯಾಗೇ ಬಂತಲ್ಲ ಗುರು. ಹಾಕ್ರೀ ಬೆಲ್ಟು!”

ಯಾರೋ ಎಳೆಯುವ ಬೆಲ್ಟನ್ನು ಕೊಂಡಿಗೆ ಸಿಕ್ಕಿಸಿಯೇಬಿಟ್ಟರು. ಶಿವಪ್ರಕಾಶ ಸ್ಟಿಯರಿಂಗ್ ಹಿಡಿದು ಕೂತ. ‘ಅದು ಟಾಕ್ ಅಷ್ಟೇ’ ಎನ್ನಲು ಮೂರು ಪದ ಸಾಕಿತ್ತು. ಬಾಯಲ್ಲಿ ಆ ಮೂರೂ ಇದ್ದವು. ಅವನು ರಿವರ್ಸ್ ಗೇರು ಹಾಕಿ, ಆದಷ್ಟು ಮೆಲ್ಲಗೆ, ದೇವರ ಮೇಲೆ ಭಾರ ಹಾಕಿ ಹಿಂದಕ್ಕೆ ಬಿಟ್ಟ. ದೇವರು ನಾಲ್ಕು ಟಾಕಿನ ಮೇಲೆ ಎಷ್ಟು ಭಾರ ಹೊರುತ್ತಾನೆ?

ಟಪ್ ಎಂದಿತು. ಬೆಲ್ಟು ಕೊಂಡಿಯನ್ನು ಕಿತ್ತುಕೊಂಡು ಕವಣೆಯಂತೆ ಮುಂದಕ್ಕೆ ಹಾರಿ, ಸುನೀಲನ ಗಾಡಿಯ ಬಲಗಡೆಯ ಕನ್ನಡಿಯನ್ನು ಬುಡಸಮೇತ ಒಯ್ದು, ಹಿಂದೆ ದಂಡೆಯ ಮೇಲೆ ಊಟಕ್ಕೆಂದು ಇಟ್ಟಿದ್ದ ಕುಷ್ಕಾದ ಪಾತ್ರೆಗೆ ಬಿತ್ತು. ಅರ್ಧ ಕ್ಷಣದ ಹಿಂದೆ ಸುನೀಲನ ತಲೆ ಆ ಕನ್ನಡಿಯ ಪಕ್ಕ ಕಿಟಕಿಯ ಹೊರಗಿತ್ತು. ಫೋನು ರಿಂಗಾಯಿತೆಂದು ಒಳಗೆ ಎಳೆದುಕೊಂಡಿದ್ದ. ಸಾಲದ ಕಾರ್ಡು ಬೇಕೇ ಎಂದು ಕೇಳಲು ಯಾವುದೋ ಹುಡುಗಿ ಮಾಡಿದ ಕರೆ ಅದು. ಅವಳಿಗೆ ಆತ ‘ಬೇಡಮ್ಮ’ ಎಂದು ಬಹಳ ಮೃದುವಾಗಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅನ್ನದೊಳಗಿಂದ ಕೊಂಡಿಯನ್ನು ಹುಡುಕಿ ತೆಗೆದರು. ಮುರಿದ ಅಂಚಿನಲ್ಲಿ ಬೂದು ಬಣ್ಣದ ಪುಟ್ಟಿ ಬಿಸ್ಕತ್ತಿನಂತೆ ಉದುರುತ್ತಿತ್ತು.

“ಪುಟ್ಟಿ,” ಎಂದ ಸುನೀಲ್. ಅವನ ಮುಖದಲ್ಲಿ ಇನ್ನೂ ರಕ್ತವಿರಲಿಲ್ಲ. “ಒಳಗೆ ಪುಟ್ಟಿ ಮೆತ್ತಿದಾನೆ ಕಣ್ರೋ. ಮೇಷ್ಟ್ರಿಗೇ ಟೋಪಿ ಹಾಕವ್ನಲ್ಲ ಆ ಮುಜಫ್ಫರ್ರು!”

ಶಿವಪ್ರಕಾಶನ ಬಾಯಿ ತೆರೆಯಿತು. ಅದರಿಂದ ಹೊರಬಂದದ್ದು, “ಹೌದಾ?”

ಮಂಗಳವಾರ ಸಂಜೆ ಸುನೀಲ್ ಕೊಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ. ಶಿವಪ್ರಕಾಶನನ್ನೂ ಜೊತೆಗೆ ಕರೆತಂದ. ಮೋಸ ಹೋದವನಿಲ್ಲದೆ ಜಗಳ ಹೇಗೆ? ಒಳಗೆ ಲೈಬಾ ಒಂದು ಸ್ಟೂಲಿನ ಮೇಲೆ ಡ್ರಾಯಿಂಗ್ ಬೋರ್ಡ್ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದಳು. ಸರ್‌ನನ್ನು ಕಂಡು ಎದ್ದು ನಿಂತಳು.

“ಏನ್ರೀ ಸಾಹೇಬ್ರೇ, ಇದು ನಿಮ್ ಕೆಲ್ಸನಾ?” ಎಂದು ಸುನೀಲ್ ಕೊಂಡಿಯನ್ನು ಮೇಜಿನ ಮೇಲೆ ಬಡಿದ. “ನನ್ ತಲೆ ಹೋಗೋದು ಕಣ್ರೀ!”

ಮುಜಫ್ಫರ್ ಕನ್ನಡಕ ಹಾಕಿಕೊಂಡು ಕೊಂಡಿಯನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಪುಟ್ಟಿ ಕೆದಕಿದರು. ನಾಲ್ಕು ಟಾಕ್ ಕಿತ್ತುಬಂದ ಜಾಗಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿದರು. ಆ ಟಾಕ್ ಯಾರ ಕೈಯವು ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ, ಅವರೇ ಕಲಿಸಿದ್ದು. ಆಮೇಲೆ ಅರ್ಧಚಂದ್ರಗಳನ್ನು ನೋಡಿದರು, ಬಹಳ ಹೊತ್ತು. ಕನ್ನಡಕದ ಮೇಲಿನಿಂದ ಒಮ್ಮೆ ಶಿವಪ್ರಕಾಶನತ್ತ ನೋಡಿದರು. ನೋಡಿ, ಕಾದರು. ಹೊರಗೆ ಒಂದು ಬಸ್ಸು ಹಾರ್ನು ಮಾಡುತ್ತ ಪೂರ್ತಿ ದಾಟಿಹೋಗುವಷ್ಟು ಹೊತ್ತು ಕಾದರು. ಶಿವಪ್ರಕಾಶ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಾರೀಖು ಓದುತ್ತಿದ್ದ.

“ನಂದೇ ಸರ್,” ಎಂದರು ಮುಜಫ್ಫರ್, ಸುನೀಲನ ಕಡೆ ತಿರುಗಿ. “ಟಾಕ್ ಹೊಡೆದು ಬಿಟ್ಟಿದ್ದೆ. ಫುಲ್ ಮಾಡೋದು ಮರ್ತೋಯ್ತು. ಮದ್ವೆ ಗಡಿಬಿಡಿ.”

“ಪುಟ್ಟಿ?”

“ನೀರು ಇಳೀಬಾರ್ದು ಅಂತ ಹಚ್ಚಿದ್ದು. ತಪ್ಪಾಯ್ತು.”

ಲೈಬಾ ಅಪ್ಪನ ಮುಖ ನೋಡಿದಳು. ಆಮೇಲೆ ಡ್ರಾಯಿಂಗ್ ಶೀಟು ನೋಡಿದಳು.

ಸುನೀಲ್ ಇನ್ನೂ ಹತ್ತು ನಿಮಿಷ ಕೂಗಾಡಿದ. ಎದುರಿನವನು ತಪ್ಪು ಒಪ್ಪಿಕೊಂಡಾದ ಮೇಲೆ ಬೈಗುಳಕ್ಕೆ ರುಚಿ ಇರುವುದಿಲ್ಲವಾದ್ದರಿಂದ ಕೊನೆಗೆ, “ಹನ್ನೊಂದು ಗಾಡಿ ಕೆಲ್ಸ ಕೊಡ್ಬೇಕು ಅಂತಿದ್ದೆ ನಿಮಗೆ. ಇನ್ನು ಸೈಕಲ್ ಸ್ಟ್ಯಾಂಡೂ ಮಾಡಿಸಲ್ಲ,” ಎಂದು ಹೇಳಿ, ಕೊಂಡಿಯನ್ನು ಅಲ್ಲೇ ಬಿಟ್ಟು ಹೋದ. ಹನ್ನೊಂದು ಗಾಡಿಯ ಮಾತು ಮುಜಫ್ಫರ್ ಕೇಳಿದ್ದು ಅದೇ ಮೊದಲು. ಅವರು ಲೈಬಾಳನ್ನು ಪಕ್ಕದ ಹೋಟೆಲಿಗೆ ಟೀ ತರಲು ಕಳಿಸಿದರು.

ಇಬ್ಬರೇ ಉಳಿದಾಗ ಮುಜಫ್ಫರ್ ಕೊಂಡಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಯಾವ ಚಮಚ ಸರ್? ಟೀದಾ, ಊಟದ್ದಾ?”

ಶಿವಪ್ರಕಾಶ ಕ್ಯಾಲೆಂಡರಿನಿಂದ ಕಣ್ಣು ತೆಗೆದ. “ಟೀದು.”

“ಅದಕ್ಕೇ ಇಷ್ಟು ನೀಟಾಗಿ ಬಂದಿದೆ.” ಅವರು ನಿಜವಾಗಿಯೂ ಮೆಚ್ಚಿಕೊಂಡಂತೆ ಬೆರಳಾಡಿಸಿದರು. “ನನ್ ಕೈಲೂ ಇಷ್ಟು ಸಮ ಬರಲ್ಲ.”

“ಯಾಕೆ ಹಂಗೆ ಹೇಳಿದ್ರಿ ನೀವು?”

“ನೀವು ಹೇಳ್ತೀರೇನೋ ಅಂತ ನೋಡ್ದೆ. ನೀವು ಹೇಳಲಿಲ್ಲ. ಯಾರಾದ್ರೂ ಒಬ್ರು ಹೇಳ್ಲೇಬೇಕಲ್ಲ ಸರ್.”

ಅವರ ಮಗಳ ಇಂಟರ್ನಲ್ ಅಂಕ ತನ್ನ ಕೈಯಲ್ಲಿದೆ ಎನ್ನುವುದು ಆ ಕ್ಷಣದಲ್ಲಿ ಶಿವಪ್ರಕಾಶನಿಗೆ ನೆನಪಾಯಿತು. ಅವರಿಗೂ ನೆನಪಿತ್ತೋ, ಅಥವಾ ಮೇಷ್ಟ್ರೊಬ್ಬನನ್ನು ವಿದ್ಯಾರ್ಥಿನಿಯ ಎದುರು ಬೆತ್ತಲೆ ನಿಲ್ಲಿಸಲು ಮನಸ್ಸು ಬರಲಿಲ್ಲವೋ, ಕೇಳುವುದಕ್ಕೆ ಧೈರ್ಯ ಬೇಕಿತ್ತು. ಟೀ ಬಂತು. ಮೂವರೂ ಕುಡಿದರು. ಸಕ್ಕರೆ ಜಾಸ್ತಿಯಾಗಿತ್ತು ಎಂದು ಲೈಬಾ ಹೇಳಿದಳು. ಹೌದು ಎಂದು ಇಬ್ಬರೂ ಒಪ್ಪಿದರು.

ಮುಜಫ್ಫರ್ ಇನ್ನು ಬರುವುದಿಲ್ಲ ಎಂದು ಶಿವಪ್ರಕಾಶ ಅಂದುಕೊಂಡಿದ್ದ. ಆದರೆ ಅವರು ಮುಂದಿನ ಭಾನುವಾರ ಒಂಬತ್ತಕ್ಕೇ ಬಂದರು. ಕೈಯಲ್ಲಿ ಅದೇ ಕೊಂಡಿ, ಪುಟ್ಟಿಯೆಲ್ಲ ಕೆರೆದು ಸ್ವಚ್ಛ ಮಾಡಿದ್ದು. “ಇವತ್ತು ಫುಲ್,” ಎಂದಷ್ಟೇ ಹೇಳಿ, ತಿರುವಿಹಾಕಿದ ಬಕೆಟಿನ ಮೇಲೆ ಕೂತರು. ಮೊದಲು ಜೀಪಿನ ಬ್ಯಾಟರಿ ಬಿಚ್ಚಿಸಿದರು. ತೊಲೆಯ ತೂತು ಮುಚ್ಚಿಸಿದರು. ಆಮೇಲೆ ಶಿವಪ್ರಕಾಶ ಗೆರೆ ಎಳೆದ, ಕೆಟ್ಟಿತು. ಉಜ್ಜಿದ, ಎಳೆದ, ಕೆಟ್ಟಿತು. ವಿಜಯ್ ಕುಮಾರನ ಟಿವಿ ಏಳು ಸಲ ಸತ್ತು ಹುಟ್ಟಿತು. ಎಂಟನೇ ಸಲ ಆತ ಬಾಲ್ಕನಿಗೆ ಬಂದು, “ಇನ್ನೂ ಪಾಸಾಗಿಲ್ವೇನ್ರೀ?” ಎಂದು ಕೇಳಿ ಒಳಗೆ ಹೋದ. ಒಂದೂವರೆಯ ಹೊತ್ತಿಗೆ ಕೊಂಡಿಯ ನಾಲ್ಕೂ ಕಡೆ ತುಂಬಿತ್ತು. ಅಂಕುಡೊಂಕು, ಒಂದು ಕಡೆ ದಪ್ಪ, ಒಂದು ಕಡೆ ಸಣಕಲು. ಮುಜಫ್ಫರ್ ದೊಡ್ಡ ಸುತ್ತಿಗೆಯಿಂದ ಹತ್ತು ಏಟು ಹಾಕಿದರು. ಕದಲಲಿಲ್ಲ.

“ನೋಡೋಕೆ ದರಿದ್ರವಾಗಿದೆ,” ಎಂದರು. “ಆದ್ರೆ ಹಿಡಿಯುತ್ತೆ.”

ಅಂದಿನಿಂದ ಅವರು ‘ಟಾಕ್ ಹೊಡೆದು ಬಿಡಿ’ ಎನ್ನುವುದನ್ನು ನಿಲ್ಲಿಸಿದರು. ‘ಟಾಕ್ ಹೊಡೆದು ನಿಲ್ಲಿ’ ಎನ್ನುತ್ತಿದ್ದರು.

ಮಡ್ ಬಾಯ್ಸ್ ಹನ್ನೊಂದು ಗಾಡಿಗಳ ಕೆಲಸವನ್ನು ಬೇರೆ ಯಾರಿಗೋ ಕೊಟ್ಟರು. ಶಿವಪ್ರಕಾಶನ ಕೊಂಡಿ ನೋಡಿ ಸುನೀಲ್, “ಇದ್ಯಾರ್ ಮಾಡಿದ್ದು ಗುರು, ಇಷ್ಟು ಕೆಟ್ಟದಾಗಿ?” ಎಂದ. “ನಾನು,” ಎಂದ ಶಿವಪ್ರಕಾಶ. “ಪರ್ವಾಗಿಲ್ಲ ಮಗಾ, ಆ ಸಾಹೇಬ್ರಿಗಿಂತ ನೀನೇ ವಾಸಿ,” ಎಂದು ಸುನೀಲ್ ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಅವನಿಗೆ ಮನೆ ತಲುಪುವವರೆಗೂ ಉರಿಯುತ್ತಿತ್ತು.

ನವೆಂಬರಿನಲ್ಲಿ ವೆಲ್ಡಿಂಗ್ ಅಧ್ಯಾಯ ಬಂತು. ಪರಿಭಾಷೆಗಳ ಪುಟಕ್ಕೆ ಬಂದಾಗ ಆ ಒಂದನ್ನು ಹಾರಿಸಿಬಿಡೋಣವೇ ಎಂದು ಅವನು ಯೋಚಿಸಿದ. ಆದರೆ ಅದು ಎರಡು ಅಂಕದ ಪ್ರಶ್ನೆ.

“ಟಾಕ್ ವೆಲ್ಡ್ ಅಂದ್ರೇನು? ಯಾರು ಹೇಳ್ತೀರಿ?”

ಲೈಬಾ ಎದ್ದು ನಿಂತಳು. “ಫುಲ್ ವೆಲ್ಡ್ ಮಾಡೋವರ್ಗೂ ಪಾರ್ಟ್ಸ್ ಕದಲಬಾರ್ದು ಅಂತ ಹಾಕೋ ಟೆಂಪರರಿ ವೆಲ್ಡ್ ಸರ್.”

“ಫುಲ್ ಮಾಡೋದು ಮರ್ತೋದ್ರೆ?” ಎಂದಿತು ಹಿಂದಿನ ಬೆಂಚಿನ ಒಂದು ದನಿ.

“ಕಿತ್ಕೊಂಡ್ ಬರುತ್ತೆ,” ಎಂದಳು ಅವಳು ಹಿಂದೆ ತಿರುಗದೆ. “ನಮ್ಮಪ್ಪನೇ ಒಂದ್ಸಲ ಮರ್ತಿದ್ರು.”

ತರಗತಿ ಗೊಳ್ಳೆಂದಿತು. ಲೈಬಾಳೂ ಸ್ವಲ್ಪ ನಕ್ಕು, ಕಿವಿ ಕೆಂಪಗಾಗಿ, ಕೂತಳು. ಶಿವಪ್ರಕಾಶ ಬೋರ್ಡಿನತ್ತ ತಿರುಗಿ ಅವಳ ಉತ್ತರವನ್ನು ದುಂಡಾಗಿ ಬರೆದು, ‘ಟೆಂಪರರಿ’ ಪದದ ಅಡಿಯಲ್ಲಿ ಎರಡು ಗೆರೆ ಎಳೆದ.

ಅವಳಪ್ಪ ಏನನ್ನೂ ಮರೆತಿರಲಿಲ್ಲ ಎಂದು, ಆ ಪುಟ್ಟಿ ಹಚ್ಚಿದ ಕೈ ತನ್ನದೆಂದು, ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.